ನಮ್ಮವರ ರಾತ್ರಿ ಓದು: ಬುಡ್ಡಿದೀಪದಿಂದ ಮೊಬೈಲಿನ ತನಕ

ಮಲಗುವ ಮುಂಚೆ ಮೊಬೈಲ್ ಮುಟ್ಟಬೇಡಿ, ಓದೋದೇ ಆದ್ರೆ ಹಾಸಿಗೆ ಪಕ್ಕದ ದೀಪ ಹಾಕಿಕೊಂಡು ಒಂದೊಳ್ಳೆ ಪುಸ್ತಕ ಓದಿ. ಈ ಉಪದೇಶ ಈಗ ದಿನಾ ಬರುತ್ತೆ. ವಾಟ್ಸಾಪಲ್ಲಿ ಬರುತ್ತೆ, ಪೇಪರಿನ ಆರೋಗ್ಯ ಪುಟದಲ್ಲಿ ಬರುತ್ತೆ, ಮೊನ್ನೆ ನಮ್ಮದೇ ಸಂಘಟನೆಯ ಗ್ರೂಪಲ್ಲೂ ಒಬ್ಬರು ಹಾಕಿದ್ದರು. ಸಲಹೆ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಆ ಎರಡು ಸಾಲಿನೊಳಗೆ ಒಂದು ಮನೆ ಅಡಗಿ ಕೂತಿದೆ, ನೋಡಿ. ಆ ಮನೆಯಲ್ಲಿ ಮಲಗೋಕೆ ಬೇರೆ ರೂಮಿದೆ. ರೂಮಲ್ಲಿ ಮಂಚ ಇದೆ, ಮಂಚದ ಪಕ್ಕ ಸಣ್ಣ ಮೇಜು, ಮೇಜಿನ ಮೇಲೆ ದೀಪ. ಆ ದೀಪದ ಸ್ವಿಚ್ಚು ಓದುವವರ ಕೈಗೆ ಎಟುಕುತ್ತದೆ. ಹಾಕೋಕೆ, ಆರಿಸೋಕೆ ಯಾರನ್ನೂ ಕೇಳಬೇಕಿಲ್ಲ.

ನಮ್ಮ ಕೇರಿಗಳಲ್ಲಿ ಎಷ್ಟು ಮನೆಗೆ ಇದು ಇತ್ತು? ಈಗಲಾದರೂ ಎಷ್ಟು ಮನೆಗೆ ಇದೆ?

ನಮ್ಮವರ ಓದಿನ ಚರಿತ್ರೆ ಬರೆಯುವಾಗ ನಾವು ಹಗಲಿನ ಬಗ್ಗೆಯೇ ಬರೆಯುತ್ತೇವೆ. ಶಾಲೆಯ ಹೊರಗೆ ಗೋಣಿತಾಟಿನ ಮೇಲೆ ಕೂರಿಸಿದ್ದು, ನೀರು ಮುಟ್ಟಲು ಬಿಡದಿದ್ದು, ಸ್ಲೇಟನ್ನು ದೂರದಿಂದ ಎಸೆದದ್ದು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿ ಅಂದ ಗೌತಮ ಧರ್ಮಸೂತ್ರ. ಇದೆಲ್ಲ ಬರೆಯಲೇಬೇಕಾದ್ದು. ಆದರೆ ಹಗಲು ನಮ್ಮದಾಗಿರಲಿಲ್ಲ ಕಣ್ರೀ. ಹಗಲು ಗೌಡರ ಹೊಲದ್ದು, ಜೀತದ್ದು, ಕಲ್ಲು ಒಡೆಯುವ ಕ್ವಾರಿಯದ್ದು. ಜೀತ ನಿಷೇಧ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಗಿದ್ದೇ 1976ರಲ್ಲಿ. ಹಗಲು ಇನ್ನೊಬ್ಬರಿಗೆ ಸೇರಿದ ಜನಕ್ಕೆ ಓದಲು ಉಳಿಯುವುದು ರಾತ್ರಿ. ಹಾಗಾಗಿ ನಮ್ಮ ಓದಿನ ಚರಿತ್ರೆ ಬರೆಯೋದಾದರೆ ಮೂರು ಪ್ರಶ್ನೆ ಕೇಳಲೇಬೇಕು. ದೀಪ ಯಾರದು? ಎಣ್ಣೆಗೆ ಕಾಸು ಯಾರದು? ಒಬ್ಬ ಓದುತ್ತಿದ್ದರೆ ಪಕ್ಕದಲ್ಲಿ ಮಲಗಿದವರ ನಿದ್ದೆ ಏನಾಯಿತು?

ಮಹಾತ್ಮ ಫುಲೆಯವರಿಗೆ ಇದು ಗೊತ್ತಿತ್ತು. ಹೆಣ್ಣುಮಕ್ಕಳ ಶಾಲೆ, ಅಸ್ಪೃಶ್ಯರ ಮಕ್ಕಳ ಶಾಲೆ ತೆರೆದ ಜೋತಿಬಾ ಮತ್ತು ಸಾವಿತ್ರಿಬಾಯಿ 1855ರಲ್ಲಿ ಪುಣೆಯಲ್ಲಿ ಒಂದು ರಾತ್ರಿ ಶಾಲೆಯನ್ನೂ ತೆರೆದರು, ಕೂಲಿಕಾರರಿಗೆ, ರೈತರಿಗೆ. ಅದೇ 1855ರಲ್ಲಿ ಅವರ ಶಾಲೆಯ ಮಾಂಗ್ ಹುಡುಗಿ ಮುಕ್ತಾಬಾಯಿ, ಹದಿನಾಲ್ಕು ವರ್ಷದವಳು, ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಹುಡುಗಿ ಅದನ್ನು ಯಾವ ಹೊತ್ತಲ್ಲಿ, ಯಾವ ಬೆಳಕಲ್ಲಿ ಕೂತು ಬರೆದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ಬಾಬಾಸಾಹೇಬರ ಕಡೆ ಬರೋಣ. ಏಪ್ರಿಲ್ ಬಂದರೆ ಸಾಕು, ‘18 ತಾಸು ಓದು’ ಕಾರ್ಯಕ್ರಮ ಮಾಡ್ತೀವಿ. ಒಳ್ಳೇದೇ. ಆದರೆ ಆ 18 ತಾಸು ಎಲ್ಲಿ, ಹೇಗೆ ಸಿಕ್ಕಿತು ಅಂತ ಮಕ್ಕಳಿಗೆ ಹೇಳೋದಿಲ್ಲ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಆ ವಿವರ ಇದೆ. ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹೋಗುವ ಕಾಲಕ್ಕೆ ಕುಟುಂಬ ಇದ್ದದ್ದು ಮುಂಬೈನ ಪರೇಲಿನ ಡಬಕ್ ಚಾಳಿನ ಒಂದು ಕೋಣೆಯಲ್ಲಿ. ಅದೇ ಅಡುಗೆಮನೆ, ಅದೇ ಮಲಗೋ ಮನೆ. ಪಾತ್ರೆ ಪಡಗ, ಸೌದೆ, ಹೊಗೆ. ತಲೆ ಹತ್ತಿರ ಬೀಸುಕಲ್ಲು, ಕಾಲ ಹತ್ತಿರ ಕಟ್ಟಿದ ಆಡು. ತಂದೆ ರಾಮ್‌ಜಿ ಸಕ್ಪಾಲರು ಒಂದು ಲೆಕ್ಕ ಹಾಕಿಕೊಂಡರು. ಮಗನನ್ನು ಬೇಗ ಮಲಗಿಸುವುದು. ತಾವು ರಾತ್ರಿ ಎರಡು ಗಂಟೆ ತನಕ ಎಚ್ಚರ ಇರುವುದು. ಎರಡಕ್ಕೆ ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಮಗ ಎದ್ದ ಜಾಗದಲ್ಲಿ ತಾವು ಮಲಗುವುದು. ಹುಡುಗ ಭೀಮ ಅಲ್ಲಿಂದ ಬೆಳಗಿನ ತನಕ ಗಾಜಿಲ್ಲದ ಎಣ್ಣೆ ದೀಪದ ತೂರಾಡುವ ಬೆಳಕಲ್ಲಿ ಓದುತ್ತಿದ್ದ. 1907ರಲ್ಲಿ ಮೆಟ್ರಿಕ್ ಪಾಸಾದ.

ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಹಾಸಿಗೆಯ ಜಾಗ, ಎರಡು ಪಾಳಿ, ಗಿರಣಿಯಲ್ಲಿ ಇದ್ದ ಹಾಗೆ. ಒಬ್ಬ ಓದಬೇಕಾದರೆ ಇನ್ನೊಬ್ಬ ನಿದ್ದೆ ಬಿಡಬೇಕು. ನಾವು ಮಗನ ಓದನ್ನು ಹಾಡಿ ಹೊಗಳುತ್ತೇವೆ. ಆ ಓದಿಗೆ ಅಪ್ಪ ಕೊಟ್ಟ ಅರ್ಧ ರಾತ್ರಿಯ ನಿದ್ದೆಯ ಲೆಕ್ಕ ಬರೆದವರು ಕಡಿಮೆ. ಗಾಜಿಲ್ಲದ ದೀಪ ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ, ಒಂದು ಮಾತು ಹೇಳಿಬಿಡ್ತೀನಿ. ಗಾಜು ಇದ್ದರೆ ಗಾಳಿಗೆ ಆರಲ್ಲ, ಜ್ವಾಲೆ ನೆಟ್ಟಗೆ ನಿಲ್ಲುತ್ತೆ, ಹೊಗೆ ಮೇಲಕ್ಕೆ ಹೋಗುತ್ತೆ. ಗಾಜಿಗೆ ಬೇರೆ ಕಾಸು, ಒಡೆದರೆ ಇನ್ನೊಂದು ಕಾಸು. ಅದಕ್ಕೇ ನಮ್ಮ ಮನೆಗಳಲ್ಲಿ ಹಳೇ ಸೀಸೆಯ ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ತೂರಿಸಿದ ಸೀಮೆಎಣ್ಣೆ ಬುಡ್ಡಿ. ರಾತ್ರಿ ಓದಿದವನ ಮೂಗಿನ ಹೊಳ್ಳೆ ಬೆಳಗ್ಗೆ ಕಪ್ಪಗಿರುತ್ತಿತ್ತು. ಮಲಗಿಕೊಂಡು ಓದುವ ಪ್ರಶ್ನೆಯೇ ಇಲ್ಲ. ಬುಡ್ಡಿಯನ್ನು ಚಾಪೆ ಹತ್ತಿರ ಇಟ್ಟು ಕಣ್ಣು ಮುಚ್ಚಿಹೋದರೆ ಗುಡಿಸಲೇ ಹೋಯಿತು.

ಕರೆಂಟಿನ ಕತೆ ಕೇಳಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, ಮೈಸೂರು ಸಂಸ್ಥಾನದ ಹೆಮ್ಮೆ. ಅದು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಆಮೇಲೆ, 1905ರಲ್ಲಿ. ಕೆಜಿಎಫ್ ಗಣಿಯ ಆಳಕ್ಕೆ ಇಳಿದವರಲ್ಲಿ ಬಹಳಷ್ಟು ಮಂದಿ ತಮಿಳು ಸೀಮೆಯಿಂದ ಬಂದ ನಮ್ಮವರೇ. ಆ ಕರೆಂಟು ಓಡಿಸಿದ್ದು ಗಣಿಯ ಯಂತ್ರಗಳನ್ನು. ಆದರೂ ಆ ಜನ ಸುಮ್ಮನೆ ಕೂರಲಿಲ್ಲ. ಅಯೋತಿದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಒಂದು ಪೈಸೆಯ ‘ತಮಿಳನ್’ ವಾರಪತ್ರಿಕೆಗೆ ಕೆಜಿಎಫ್‌ನಲ್ಲಿ ಓದುಗರಿದ್ದರು, ಅವರ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಗಣಿ ಕೂಲಿಗಳು ಪತ್ರಿಕೆ ಓದುವುದು ಪಾಳಿ ಮುಗಿದ ಮೇಲೆ ತಾನೇ.

ಹಳ್ಳಿಯ ಕೇರಿಗೆ ಕರೆಂಟು ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಊರಿಗೆ ಕರೆಂಟು ಬಂತು ಅಂದರೆ ಕೇರಿಗೆ ಬಂತು ಅಂತ ಅಲ್ಲ, ಕಂಬ ಮೇಲ್ಕೇರಿಯ ಕೊನೇ ಮನೆ ಹತ್ತಿರ ನಿಂತುಬಿಡುತ್ತಿತ್ತು. 1979-80ರಲ್ಲಿ ರಾಜ್ಯ ಸರ್ಕಾರ ಭಾಗ್ಯಜ್ಯೋತಿ ತಂದಿತು, ಒಂದು ಮನೆಗೆ ಒಂದು ಬಲ್ಬು, 40 ವ್ಯಾಟು. 1988-89ರಲ್ಲಿ ಕೇಂದ್ರದ ಕುಟೀರಜ್ಯೋತಿ, ಅದೂ ಒಂದೇ ಬಲ್ಬು. ಆ ಬಲ್ಬಿನ ಬಗ್ಗೆ ನನಗೆ ಗೌರವ ಇದೆ. ಎಷ್ಟೋ ಎಸ್ಸೆಸ್ಸೆಲ್ಸಿಗಳು ಅದರ ಕೆಳಗೆ ಪಾಸಾಗಿವೆ. ಆದರೆ ಒಂದು ಬಲ್ಬು ಅಂದರೆ ಒಂದು ತೀರ್ಮಾನ. ಹಾಕಿದರೆ ಇಡೀ ಮನೆಗೆ ಬೆಳಕು, ಆರಿಸಿದರೆ ಇಡೀ ಮನೆಗೆ ಕತ್ತಲು. ಬೆಳಗ್ಗೆ ಐದಕ್ಕೆ ಕೂಲಿಗೆ ಹೋಗಬೇಕಾದ ಅವ್ವನ ಮುಖದ ಮೇಲೆ ಬಲ್ಬು ಉರಿಯುತ್ತಿರುತ್ತೆ, ಮೂಲೆಯಲ್ಲಿ ಮಗ ಓದ್ತಿರ್ತಾನೆ. ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ಮಗ್ಗುಲಾಗ್ತಾಳೆ. ಅಪ್ಪ ‘ಸಾಕು ಆರ್ಸೋ’ ಅಂತ ಒಂದ್ಸಲ ಗದರಿ ಸುಮ್ಮನಾಗ್ತಾನೆ. ಪರೇಲಿನ ಕೋಣೆಯ ಲೆಕ್ಕವೇ ಇದು. ಓದುವವನ ಬೆಳಕು ಮಲಗುವವರ ನಿದ್ದೆಯಿಂದ ಕಿತ್ತುಕೊಂಡದ್ದು.

ಬೆಳಕೂ ಜಾಗವೂ ಮನೆಯೊಳಗೆ ಸಿಗದವರು ಹೊರಗೆ ಹೋದರು. ಬೀದಿದೀಪದ ಕೆಳಗೆ ಓದಿದವರ ಕತೆ ಎಲ್ಲ ಜಾತಿಯಲ್ಲೂ ಇದೆ, ನಮ್ಮದು ಇನ್ನೂ ಮುಂದಕ್ಕೆ ಹೋಗುತ್ತೆ. ಕವಿ ಸಿದ್ದಲಿಂಗಯ್ಯನವರು ಶ್ರೀರಾಮಪುರದ ದಿನಗಳಲ್ಲಿ ಸ್ಮಶಾನಕ್ಕೆ ಹೋಗಿ ಕೂತು ಓದುತ್ತಿದ್ದದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಬದುಕಿದ್ದವರ ನಡುವೆ ಸಿಗದ ಜಾಗವನ್ನು ಸತ್ತವರು ಕೊಟ್ಟರು. ನಮ್ಮ ಹಾಸ್ಟೆಲುಗಳಲ್ಲೂ ರಾತ್ರಿ ಇಷ್ಟು ಗಂಟೆಗೆ ಲೈಟ್ ಆಫ್. ನಾನಿದ್ದ ಹಾಸ್ಟೆಲಲ್ಲಿ ವಾರ್ಡನ್ ಫ್ಯೂಸನ್ನೇ ಕಿತ್ತು ಜೇಬಲ್ಲಿಟ್ಟುಕೊಂಡು ಹೋಗೋನು. ಪರೀಕ್ಷೆ ಇದ್ದರೂ ಅಷ್ಟೇ. ಬಚ್ಚಲ ಹತ್ತಿರದ ಒಂದು ದೀಪ ಮಾತ್ರ ಬೇರೆ ಲೈನಿನದು, ಅದರ ಕೆಳಗೆ ಹತ್ತು ಹನ್ನೆರಡು ಜನ ನಿಂತುಕೊಂಡೇ ಓದ್ತಿದ್ವಿ.

ಈ ಚರಿತ್ರೆ ಗೊತ್ತಿದ್ದರೆ ಮಾತ್ರ ಕೈಯಲ್ಲಿರುವ ಈ ಮೊಬೈಲ್ ಏನು ಅಂತ ಅರ್ಥ ಆಗುತ್ತೆ.

ಅಮೆರಿಕದ ಅಮೆಜಾನ್ ಕಂಪನಿ ಮೊದಲ ಕಿಂಡಲ್ ತಂದದ್ದು 2007ರ ನವೆಂಬರಿನಲ್ಲಿ. ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ಇದ್ದಬದ್ದದ್ದೆಲ್ಲ ಮಾರಾಟ. ಆ ಯಂತ್ರಕ್ಕೆ ಸ್ವಂತ ಬೆಳಕೇ ಇರಲಿಲ್ಲ! ಕಾಗದದಂತೆ ಕಾಣುವ ಪರದೆ, ಓದಬೇಕಾದರೆ ಬೇರೆ ದೀಪ ಬೇಕು. ಕೊಳ್ಳುವವರ ಮಂಚದ ಪಕ್ಕ ದೀಪ ಇದ್ದೇ ಇರುತ್ತೆ ಅಂತ ಮಾಡಿದವರಿಗೆ ಧೈರ್ಯ. ಬೆಳಕು ಬಂದದ್ದು 2012ರಲ್ಲಿ. ಆ ವರ್ಷ ಏಪ್ರಿಲಿನಲ್ಲಿ ಬಾರ್ನ್ಸ್ ಅಂಡ್ ನೋಬಲ್ ಅನ್ನೋ ಪುಸ್ತಕದಂಗಡಿ ಕಂಪನಿ ಬೆಳಕಿರುವ ನೂಕ್ ತಂದಿತು, ವರ್ಷದ ಕೊನೆಯೊಳಗೆ ಕಿಂಡಲ್ ಪೇಪರ್‌ವೈಟ್ ಬಂತು. ನೂಕ್ ಕಂಪನಿ ಹೇಳಿಕೊಂಡದ್ದೇನು ಗೊತ್ತಾ? ಗಂಡ ಹೆಂಡತಿ ಮಲಗುವ ಕೋಣೆಯಲ್ಲಿ ಒಬ್ಬರು ಓದುತ್ತಿದ್ದರೆ ಇನ್ನೊಬ್ಬರ ನಿದ್ದೆ ಕೆಡುತ್ತೆ, ಆ ಜಗಳ ಇನ್ನು ಮುಗೀತು, ಅಂತ. ರಾಮ್‌ಜಿ ಸಕ್ಪಾಲರಿಗೆ ಕೇಳಿಸಬೇಕಿತ್ತು ಆ ಮಾತು.

ನಮ್ಮ ಕೈಗೆ ಬಂದದ್ದು ಕಿಂಡಲ್ ಅಲ್ಲ, ಅಗ್ಗದ ಆಂಡ್ರಾಯ್ಡ್ ಫೋನು. ಮೊದಮೊದಲು ಅದರಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ ಡಬ್ಬಿಗಳು, ನೆನಪಿದೆಯಾ? 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರಕ್ಕೆ ಬೆಂಬಲ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಬೆಲೆ ಬಿತ್ತು. ಅದೇ 2016ರ ಡಿಸೆಂಬರಿನಲ್ಲಿ ಅಮೆಜಾನು ಕಿಂಡಲ್ಲಿಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಕ್ಕೆ ಕನ್ನಡಿಗರೇ ಮೈಲ್ಯಾಂಗ್‌ನಂಥ ಆ್ಯಪ್ ಕಟ್ಟಿಕೊಳ್ಳಬೇಕಾಯಿತು. ಹೀಗಾಗಿ ನಮ್ಮ ಹುಡುಗರ ರಾತ್ರಿ ಓದು ದೊಡ್ಡ ಕಂಪನಿಯ ಅಂಗಡಿಯಿಂದ ಬರಲಿಲ್ಲ. ಬಂದದ್ದು ಪಿಡಿಎಫ್‌ನಿಂದ. ಮಹಾರಾಷ್ಟ್ರ ಸರ್ಕಾರ 1979ರಿಂದ ವಸಂತ ಮೂನರ ಸಂಪಾದಕತ್ವದಲ್ಲಿ ತರಲು ಶುರುಮಾಡಿದ ಬಾಬಾಸಾಹೇಬರ ಬರಹ ಭಾಷಣಗಳ ಸಂಪುಟಗಳು ಈಗ ಕೇಂದ್ರದ ವಿದೇಶಾಂಗ ಇಲಾಖೆಯ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತವೆ. ಕನ್ನಡ ಸಂಪುಟಗಳೂ ವಾಟ್ಸಾಪಲ್ಲಿ ಓಡಾಡುತ್ತವೆ. ‘ಜಾತಿ ವಿನಾಶ’ವನ್ನು 1936ರಲ್ಲಿ ಬಾಬಾಸಾಹೇಬರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ್ದು 1500 ಪ್ರತಿ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಭಾಷಣವನ್ನೇ ರದ್ದು ಮಾಡಿದ್ದರಿಂದ. ಇವತ್ತು ನಮ್ಮ ಒಂದು ಜಿಲ್ಲೆಯ ಗ್ರೂಪುಗಳಲ್ಲೇ ಅದಕ್ಕಿಂತ ಜಾಸ್ತಿ ಫೋನಿಗೆ ಅದು ಇಳಿದಿದ್ದರೆ ನನಗೇನೂ ಆಶ್ಚರ್ಯ ಇಲ್ಲ.

ಫೋನಿನ ಬೆಳಕು ಒಬ್ಬರ ಮುಖಕ್ಕೆ ಸಾಕಾಗುವಷ್ಟೇ. ಕಂಬಳಿ ಹೊದ್ದುಕೊಂಡರೆ ಅದೂ ಹೊರಗೆ ಬರಲ್ಲ. ಅವ್ವನ ನಿದ್ದೆ ಅವ್ವನಿಗೆ. ಇದು ಸಣ್ಣ ಬದಲಾವಣೆ ಅಲ್ಲ. ನಮ್ಮ ಮನೆಗಳಲ್ಲಿ ಓದು ಮತ್ತು ನಿದ್ದೆ ಮೊದಲ ಸಲ ಒಂದಕ್ಕೊಂದು ಶತ್ರು ಆಗದೆ ಒಂದೇ ಕೋಣೆಯಲ್ಲಿ ಇವೆ.

ಇನ್ನೊಂದು ವಿಷಯ. ಫೋನಿಗೆ ರಕ್ಷಾಪುಟ ಇಲ್ಲ. ಜಾತಿ ಹೇಳದೆ ಬಾಡಿಗೆಗಿರುವ ಹುಡುಗಿಯ ರೂಮಿಗೆ ಓನರಮ್ಮ ಯಾವಾಗ ಬೇಕಾದರೂ ಬಂದು ಇಣುಕ್ತಾರೆ. ಶೆಲ್ಫಲ್ಲಿ ನೀಲಿ ಕೋಟಿನ ಫೋಟೋ ಇರುವ ಪುಸ್ತಕ ಕಂಡರೆ ತಿಂಗಳ ಕೊನೆಗೆ ಖಾಲಿ ಮಾಡಿ ಅನ್ನೋಕೆ ಬೇರೆ ನೆಪ ಸಿಗುತ್ತೆ, ನೀರಿನ ಸಮಸ್ಯೆ, ಮಗಳು ಬರ್ತಾಳೆ, ಏನೋ ಒಂದು. ಅಂಥ ರೂಮುಗಳಲ್ಲಿ ಇಡೀ ಬಾಬಾಸಾಹೇಬರನ್ನು ಫೋನಲ್ಲಿ ಓದಿ ಮುಗಿಸಿದ ಹೆಣ್ಣುಮಕ್ಕಳು ನನಗೆ ಗೊತ್ತು. ಬಚ್ಚಿಟ್ಟುಕೊಂಡು ಓದಬೇಕಾಗಿರೋದು ಅವಮಾನ, ಅದನ್ನ ನಾನು ಸಂಭ್ರಮಿಸಲ್ಲ. ಆದರೆ ಆ ಓದು ನಡೆದಿದೆ.

ಹೆಣ್ಣುಮಕ್ಕಳ ಮಾತು ಬಂತಲ್ಲ, ಒಂದು ಅಂಕಿ ಹೇಳ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ. ಅಂದರೆ ಹೆಚ್ಚುಕಮ್ಮಿ ಅರ್ಧ ಹೆಂಗಸರ ಕೈಯಲ್ಲಿ ಇರೋದು ಗಂಡನದೋ ಅಣ್ಣನದೋ ಫೋನು, ಅದೂ ಅವನು ಬಿಟ್ಟಾಗ. ಒಂದು ಬಲ್ಬಿನ ಜಾಗಕ್ಕೆ ಒಂದು ಫೋನು ಬಂದ ಮನೆಗಳಿವು. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸು ಅಂದಾಗ ಆ ಒಂದು ಫೋನು ಯಾರ ಕೈಗೆ ಹೋಯಿತು ಅಂತ ನಿಮ್ಮ ನಿಮ್ಮ ಮನೆಗಳನ್ನೇ ಕೇಳಿಕೊಳ್ಳಿ. ಫುಲೆ ದಂಪತಿಯ ಹೆಸರು ಹೇಳುವ ಮನೆಗಳನ್ನೂ ಸೇರಿಸಿ ಹೇಳ್ತಿದೀನಿ.

ನಿದ್ದೆಯ ವಿಷಯಕ್ಕೆ ಬರ್ತೀನಿ, ತಪ್ಪಿಸಿಕೊಳ್ಳಲ್ಲ. ಹಾಸಿಗೆಯಲ್ಲಿ ಓದೋದನ್ನ ಬೈಯೋದು ಹೊಸದೇನಲ್ಲ. 18, 19ನೇ ಶತಮಾನದ ಯೂರೋಪಿನಲ್ಲಿ ಮೇಣದಬತ್ತಿ ಇಟ್ಟುಕೊಂಡು ಹಾಸಿಗೆಯಲ್ಲಿ ಓದಿದರೆ ಪರದೆಗೆ ಬೆಂಕಿ ಹತ್ತುತ್ತೆ, ಮನೆ ಸುಡುತ್ತೆ ಅಂತ ಹೆದರಿಸುತ್ತಿದ್ದರು. ಈಗ ಬೆಂಕಿಯ ಜಾಗಕ್ಕೆ ನೀಲಿ ಬೆಳಕು ಬಂದಿದೆ. ಎಲ್ಲರೂ ತೋರಿಸೋದು ಅಮೆರಿಕದ ಒಂದು ಅಧ್ಯಯನ. ಹನ್ನೆರಡು ಜನರನ್ನು ಲ್ಯಾಬಿನಲ್ಲಿಟ್ಟು, ಐದು ರಾತ್ರಿ ಮಲಗುವ ಮುಂಚೆ ನಾಲ್ಕು ನಾಲ್ಕು ಗಂಟೆ ಬೆಳಕು ಸೂಸುವ ಇ-ರೀಡರಿನಲ್ಲಿ ಓದಿಸಿದರು, ಇನ್ನೈದು ರಾತ್ರಿ ಅಚ್ಚಿನ ಪುಸ್ತಕ. ಪರದೆ ಓದಿದಾಗ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಜಾಸ್ತಿ ಹಿಡಿಯಿತು, ನಿದ್ದೆಗೆ ಬೇಕಾದ ಮೆಲಟೋನಿನ್ ಕಮ್ಮಿಯಾಯಿತು, ಬೆಳಗ್ಗೆ ಮಂಪರು ಜಾಸ್ತಿ. ವಿಜ್ಞಾನ ಸುಳ್ಳಲ್ಲ. ಬೆಳಕು ತಗ್ಗಿಸಿ, ಪರದೆಯನ್ನು ಹಳದಿಗೆ ತಿರುಗಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡೀಬೇಡಿ. ಆದರೆ ದಿನಕ್ಕೆ ನಾಲ್ಕು ಗಂಟೆ ಓದಲು ಸಿಗೋದು ನಮ್ಮಲ್ಲಿ ಯಾರಿಗೆ ಸ್ವಾಮಿ? ನಮ್ಮವರ ನಿದ್ದೆ ಕೆಡಿಸಿರೋದು ಓದಲ್ಲ. ಸೆಕ್ಯುರಿಟಿ ಕೆಲಸದ ರಾತ್ರಿ ಪಾಳಿ, ಬೆಳಗಿನ ಜಾವ ಬೀದಿ ಗುಡಿಸಲು ಹೊರಡುವ ಪೌರಕಾರ್ಮಿಕರ ಹಾಜರಿ. ಇದರ ಬಗ್ಗೆ ಆರೋಗ್ಯ ಪುಟದಲ್ಲಿ ಯಾಕೆ ಬರಲ್ಲ?

ನನಗಿರುವ ಭಯ ಬೇರೆ. 2009ರ ಜುಲೈನಲ್ಲಿ ಅಮೆಜಾನು ತನ್ನ ಗಿರಾಕಿಗಳು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಲ್ಲಿ ಕೂತೇ ಅಳಿಸಿಹಾಕಿತು. ಯಾವ ಪುಸ್ತಕ? ಜಾರ್ಜ್ ಆರ್ವೆಲ್‌ರ ‘1984’ ಮತ್ತು ‘ಅನಿಮಲ್ ಫಾರ್ಮ್’. ಮಾರಿದವರಿಗೆ ಹಕ್ಕಿರಲಿಲ್ಲ ಅನ್ನೋದು ಕಾರಣ, ದುಡ್ಡು ವಾಪಸ್ ಕೊಟ್ಟರು, ಕಂಪನಿಯ ಯಜಮಾನ ಕ್ಷಮೆಯನ್ನೂ ಕೇಳಿದ. ಆದರೆ ಮಲಗಿ ಎದ್ದಾಗ ದಿಂಬಿನ ಪಕ್ಕದ ಪುಸ್ತಕವನ್ನು ಯಾರೋ ತೆಗೆದುಕೊಂಡು ಹೋಗಬಹುದು ಅನ್ನೋದು ಆವತ್ತು ಗೊತ್ತಾಯಿತು. ಪುಸ್ತಕ ಮುಟ್ಟುವ ಹಕ್ಕನ್ನೇ ಕಷ್ಟಪಟ್ಟು ಪಡೆದ ಜನ ನಾವು. ಅದಕ್ಕೇ ಹೇಳೋದು, ಇಳಿಸಿಕೊಂಡ ಪಿಡಿಎಫ್ ಅನ್ನು ಮೆಮೊರಿ ಕಾರ್ಡಿನಲ್ಲೂ ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ. ಮತ್ತೆ ಒಂದು ಕಿವಿಮಾತು. ಸರ್ಕಾರ ಪುಕ್ಕಟೆ ಕೊಟ್ಟದ್ದನ್ನು ಹಂಚಿ, ಬೇಡ ಅನ್ನಲ್ಲ. ಆದರೆ ನಮ್ಮದೇ ಸಣ್ಣ ಪ್ರಕಾಶಕರು ಸಾಲ ಮಾಡಿ ತಂದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕಿ ‘ಜೈ ಭೀಮ್’ ಅಂತ ಬರೆದರೆ, ಆ ಪ್ರಕಾಶನ ಮುಂದಿನ ಪುಸ್ತಕ ತರಲ್ಲ.

ಕೊನೆಗೆ ಬಾಬಾಸಾಹೇಬರ ಇನ್ನೊಂದು ರಾತ್ರಿ. 1956ರ ಡಿಸೆಂಬರ್ 5, ದಿಲ್ಲಿಯ 26, ಅಲಿಪುರ ರಸ್ತೆ. ಸಕ್ಕರೆ ಕಾಯಿಲೆ, ಕಾಲು ನೋವು, ಕಣ್ಣು ಮಂಜು. ಊಟ ಆದ ಮೇಲೆ ಮಲಗುವ ಕೋಣೆಗೆ ಹೋದರು. ಸಹಾಯಕ ನಾನಕ್ ಚಂದ್ ರತ್ತು ಮನೆಗೆ ಹೊರಟಿದ್ದರು, ಅವರನ್ನು ವಾಪಸ್ ಕರೆಸಿ ‘ಬುದ್ಧ ಮತ್ತು ಆತನ ಧಮ್ಮ’ದ ಮುನ್ನುಡಿ, ಪ್ರಸ್ತಾವನೆಯ ಟೈಪ್ ಮಾಡಿದ ಹಾಳೆಗಳನ್ನು, ಆಚಾರ್ಯ ಅತ್ರೆ ಮತ್ತು ಎಸ್. ಎಂ. ಜೋಶಿ ಅವರಿಗೆ ಬರೆದ ಕಾಗದಗಳನ್ನು ಹಾಸಿಗೆ ಪಕ್ಕದ ಮೇಜಿನ ಮೇಲೆ ಇಡಿಸಿಕೊಂಡರು. ರಾತ್ರಿ ನೋಡಬೇಕು ಅಂತ. ಪರೇಲಿನಲ್ಲಿ ಅಪ್ಪನ ಜೊತೆ ಹಾಸಿಗೆ ಪಾಳಿ ಮಾಡಿದ ಹುಡುಗನಿಗೆ ಕಡೆಗೆ ಸ್ವಂತ ಕೋಣೆ, ಮಂಚ, ಮೇಜು, ದೀಪ ಎಲ್ಲ ಇತ್ತು. ಬೆಳಗ್ಗೆ ಮಾಯಿಸಾಹೇಬರು ಹೋಗಿ ನೋಡಿದಾಗ ಅವರು ನಿದ್ದೆಯಲ್ಲೇ ಹೋಗಿದ್ದರು.

ಪುಸ್ತಕ 1957ರಲ್ಲಿ ಹೊರಬಂತು. ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಎಷ್ಟೋ ವರ್ಷ ಅಚ್ಚಾಗದೆ ಉಳಿದಿದ್ದ ಆ ಹಾಳೆಗಳು ಈಗ ಅವರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ವೆಬ್‌ಸೈಟಲ್ಲಿ ಇಡೀ ಪುಸ್ತಕದ ಜೊತೆ ಪುಕ್ಕಟೆ ಇವೆ. ಇಂಗ್ಲಿಷಿನಲ್ಲಿದೆ, ಭಾಷೆ ಸರಳ. ಪಿಡಿಎಫ್ ಅಲ್ಲ, ಹಾಗಾಗಿ ಸಣ್ಣ ಫೋನಲ್ಲೂ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು, ಅತ್ತಿತ್ತ ಎಳೆದಾಡೋ ಕಷ್ಟ ಇಲ್ಲ. ಮುನ್ನುಡಿ ಪೂರ್ತಿ ಓದೋಕೆ ಕಾಲು ಗಂಟೆಯೂ ಬೇಡ. ಕನ್ನಡಕ್ಕೆ ಅನುವಾದ ಮಾಡಿಟ್ಟುಕೊಂಡಿರುವ ಗೆಳೆಯರು ಯಾರಾದರೂ ಇದ್ದರೆ ದಯವಿಟ್ಟು ಹಂಚಿ.

ಜೈ ಭೀಮ್.